ಪುಡಿಹಿಮದ ಮೇಲೆ ಎರಡು ದಿನ

ಹಿಮವನ್ನು ದೂರದಿಂದ ನೋಡಿ ಮೆಚ್ಚುವವರು ಅನೇಕರು. ಅದರೊಡನೆ ಬಾಳಿ, ಅದರ ಗುಣದೋಷಗಳನ್ನರಿತು, ಅದರ ಮೇಲೆಯೇ ಆಡಿ ನಲಿಯುವವರು ಕೆಲವರು. ಕಾಶ್ಮೀರದ ಕಣಿವೆಯ ಜನರು ಈ ಎರಡನೆಯ ಗುಂಪಿಗೆ ಸೇರಿದವರು. ಚಳಿಗಾಲದಲ್ಲಿ ಮನೆಯ ಮಾಡು, ಮರದ ಕೊಂಬೆ, ಊರ ದಾರಿ ಎಲ್ಲವನ್ನೂ ಮುಚ್ಚಿಬಿಡುವ ಹಿಮವು ಅವರಿಗೆ ಕಷ್ಟವನ್ನೂ ತರುತ್ತದೆ, ಹರ್ಷವನ್ನೂ ತರುತ್ತದೆ. ಆ ಹರ್ಷದ ಒಂದು ರೂಪವೇ ಸ್ಕೀಯಿಂಗ್, ಎಂದರೆ ಹಿಮಜಾರಾಟ. ಪಾದಗಳಿಗೆ ನೀಳವಾದ ಹಲಗೆಗಳನ್ನು ಬಿಗಿದುಕೊಂಡು, ಕೈಗಳಲ್ಲಿ ಕೋಲುಗಳನ್ನು ಹಿಡಿದು, ಇಳಿಜಾರಿನಲ್ಲಿ ಹಕ್ಕಿಯಂತೆ ತೇಲಿ ಇಳಿಯುವ ಈ ಆಟವು ನೋಡುವವರಿಗೆ ಸುಲಭವಾಗಿ ಕಾಣುತ್ತದೆ. ಆದರೆ ಅದರ ಹಿಂದೆ ಎಷ್ಟು ಅಭ್ಯಾಸವಿದೆ, ಎಷ್ಟು ಅರಿವಿದೆ, ಎಷ್ಟು ಸಂಯಮವಿದೆ ಎಂಬುದು ಹತ್ತಿರ ಹೋದವರಿಗಷ್ಟೇ ತಿಳಿಯುತ್ತದೆ.

ಭಾರತದಲ್ಲಿ ಈ ಆಟಕ್ಕೆ ಬಹು ಪ್ರಸಿದ್ಧವಾದ ಸ್ಥಳ ಗುಲ್ಮಾರ್ಗ. ಬಾರಾಮುಲ್ಲಾ ಜಿಲ್ಲೆಗೆ ಸೇರಿದ ಈ ಊರು ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಪೀರ್ ಪಂಜಾಲ್ ಶ್ರೇಣಿಯ ಮಡಿಲಲ್ಲಿ, ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗುಲ್ಮಾರ್ಗವೆಂದರೆ ಹೂವಿನ ಬಯಲು. ಬೇಸಗೆಯಲ್ಲಿ ಹೆಸರಿಗೆ ತಕ್ಕಂತೆ ಹೂಗಳಿಂದ ತುಂಬುವ ಈ ಬಯಲು ಚಳಿಗಾಲದಲ್ಲಿ ಶ್ವೇತವಸ್ತ್ರವನ್ನು ಹೊದ್ದು ಮಲಗುತ್ತದೆ. 1927ರಲ್ಲಿ ಬ್ರಿಟಿಷರು ಇಲ್ಲಿ ಸ್ಕೀ ಕ್ಲಬ್ಬೊಂದನ್ನು ಸ್ಥಾಪಿಸಿದರು. ಸ್ವಾತಂತ್ರ್ಯಾನಂತರ ಭಾರತ ಸರ್ಕಾರವು ಇಲ್ಲಿ ಸ್ಕೀ ಮತ್ತು ಪರ್ವತಾರೋಹಣವನ್ನು ಕಲಿಸುವ ಸಂಸ್ಥೆಯನ್ನು ತೆರೆಯಿತು. 1998ರಲ್ಲಿ ಗೊಂಡೋಲಾ ಎಂಬ ರೋಪ್‌ವೇ ಕೊಂಗ್‌ಡೂರಿಯವರೆಗೆ ಓಡತೊಡಗಿತು. 2005ರಲ್ಲಿ ಅದರ ಎರಡನೆಯ ಹಂತವು ಅಫರ್ವತ್ ಪರ್ವತದ ಮೇಲೆ, ಸುಮಾರು 3,950 ಮೀಟರ್ ಎತ್ತರದವರೆಗೆ, ಜನರನ್ನು ಒಯ್ಯಲಾರಂಭಿಸಿತು. ಅಲ್ಲಿಯ ವಾಯುವಿನ ಒತ್ತಡವು ಸಮುದ್ರತೀರದಲ್ಲಿರುವುದರ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. 2020ರಿಂದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟಗಳೂ ಇಲ್ಲಿ ನಡೆದಿವೆ. ನಮ್ಮ ಕೊಡಗಿನವರಾದ ಭವಾನಿ ತೆಕ್ಕಡ ನಂಜುಂಡ ಅವರು ಈ ಕೂಟದಲ್ಲಿ ಕರ್ನಾಟಕಕ್ಕೆ ಪದಕಗಳನ್ನು ಗೆದ್ದು ತಂದುದು ಸಂತೋಷದ ಸಂಗತಿ.

ಗುಲ್ಮಾರ್ಗದ ವಿಶೇಷವೆಂದರೆ ಅಲ್ಲಿಯ ಪುಡಿಹಿಮ. ಹಿಮವೆಲ್ಲವೂ ಒಂದೇ ಬಗೆಯದಲ್ಲ. ಮೋಡದೊಳಗಿನ ನೀರಾವಿಯು ಹೆಪ್ಪುಗಟ್ಟಿ ಆರು ತೋಳುಗಳ ಸೂಕ್ಷ್ಮ ಹರಳುಗಳಾಗುತ್ತದೆ. ಚಳಿ ಬಲವಾಗಿದ್ದು ಗಾಳಿ ಶಾಂತವಾಗಿದ್ದರೆ, ಈ ಹರಳುಗಳು ಒಂದರ ತೋಳಿಗೆ ಇನ್ನೊಂದು ತಗುಲಿಕೊಂಡು, ನಡುವೆ ತೆರಪುಗಳನ್ನು ಉಳಿಸಿ, ಹಗುರವಾಗಿ ನೆಲದ ಮೇಲೆ ಕೂರುತ್ತವೆ. ಒಂದು ಘನಮೀಟರ್ ನೀರು 1,000 ಕಿಲೋಗ್ರಾಂ ತೂಗಿದರೆ, ಆಗತಾನೆ ಬಿದ್ದ ಒಣ ಪುಡಿಹಿಮವು ಅಷ್ಟೇ ಜಾಗದಲ್ಲಿ ಸಾಮಾನ್ಯವಾಗಿ 50ರಿಂದ 100 ಕಿಲೋಗ್ರಾಂ ಮಾತ್ರ ತೂಗುತ್ತದೆ. ಮಿಕ್ಕ ಜಾಗವೆಲ್ಲ ಬರಿಯ ಗಾಳಿ! ಮುಷ್ಟಿಯಲ್ಲಿ ಹಿಡಿದು ಅದುಮಿದರೂ ಅದು ಉಂಡೆಯಾಗದು. ಬೆರಳ ಸಂದಿನಿಂದ ಹಿಟ್ಟಿನಂತೆ ಸೋರಿಹೋಗುತ್ತದೆ. ಆ ತೆರಪುಗಳು ಸದ್ದನ್ನೂ ಹೀರಿಕೊಳ್ಳುವುದರಿಂದ, ಹೊಸ ಹಿಮ ಬಿದ್ದ ಮುಂಜಾವಿನಲ್ಲಿ ಕಾಡೆಲ್ಲ ಉಸಿರು ಬಿಗಿಹಿಡಿದಂತೆ ನಿಶ್ಶಬ್ದವಾಗಿರುತ್ತದೆ. ಈ ಪುಡಿಹಿಮವನ್ನರಸಿ ದೇಶವಿದೇಶಗಳಿಂದ ಜನರು ಇಲ್ಲಿಗೆ ಬರುತ್ತಾರೆ.

ಸ್ಕೀ ವಿದ್ಯೆಯು ಶಾಲೆಗಿಂತ ಮೊದಲು ಮನೆಯಲ್ಲಿಯೇ ಆರಂಭವಾಗುವುದು ಈ ಪ್ರದೇಶಗಳ ರೂಢಿ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ ಏಕೈಕ ಕ್ರೀಡಾಪಟು ಆರಿಫ್ ಖಾನ್ ಗುಲ್ಮಾರ್ಗದ ನೆರೆಯವರು. ಅವರ ತಂದೆ ಗುಲ್ಮಾರ್ಗದಲ್ಲಿ ಸ್ಕೀ ಸಲಕರಣೆಗಳ ಅಂಗಡಿಯನ್ನಿಟ್ಟಿದ್ದರು. ನಾಲ್ಕನೆಯ ವಯಸ್ಸಿನಲ್ಲಿಯೇ ಹಲಗೆ ಕಟ್ಟಿಕೊಂಡ ಬಾಲಕ, ಮುಂದೆ ಬೀಜಿಂಗಿನ ಜೈಂಟ್ ಸ್ಲಾಲಂ ಸ್ಪರ್ಧೆಯಲ್ಲಿ 45ನೆಯ ಸ್ಥಾನ ಪಡೆದರು. ಮನಾಲಿಯ ಕಡೆಯವರಾದ ಆಂಚಲ್ ಠಾಕೂರ್ ಅವರಿಗೂ ತಂದೆಯೇ ಈ ಆಟದ ದಾರಿ ತೋರಿದವರು. 2018ರಲ್ಲಿ ತುರ್ಕಿಯಲ್ಲಿ ಕಂಚಿನ ಪದಕವನ್ನು ಗಳಿಸಿ, ಅವರು ಅಂತರರಾಷ್ಟ್ರೀಯ ಸ್ಕೀ ಸ್ಪರ್ಧೆಯಲ್ಲಿ ಪದಕ ಗೆದ್ದ ಮೊದಲ ಭಾರತೀಯರೆನಿಸಿದರು. ಆದರೆ ಎಲ್ಲ ತಂದೆತಾಯಿಗಳೂ ಮಕ್ಕಳನ್ನು ಪದಕಕ್ಕಾಗಿಯೇ ಹಿಮದ ಮೇಲೆ ಕರೆದೊಯ್ಯುವುದಿಲ್ಲ. ಗುಲ್ಮಾರ್ಗದಲ್ಲಿ ಎರಡು ದಿನ ಕಳೆಯಲು ಬಂದ ಒಬ್ಬ ತಂದೆ ಮತ್ತು ಅವನ ಮಗಳ ಕಥೆಯನ್ನು ಈಗ ನೋಡೋಣ. ಇದು ಯಾವುದೋ ಒಂದು ಮನೆತನದ ಚರಿತ್ರೆಯಲ್ಲ; ಆ ಕಣಿವೆಯ ಎಷ್ಟೋ ಮನೆಗಳಲ್ಲಿ ನಡೆಯಬಹುದಾದ ಕಥೆ.

ತಂದೆಗೆ ಶ್ರೀನಗರದಲ್ಲಿ ಕೆಲಸ. ಮಗಳಿಗೆ ಹದಿಮೂರು ವರ್ಷ. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಗೆ ‘ಚಿಲ್ಲೈ ಕಲಾನ್’ ಎಂದು ಹೆಸರು. ಅದರ ಬೆನ್ನಿಗೆ ಇಪ್ಪತ್ತು ದಿನಗಳ ‘ಚಿಲ್ಲೈ ಖುರ್ದ್’ ಬರುತ್ತದೆ. ಕೊನೆಗೆ ಹತ್ತು ದಿನಗಳ ‘ಚಿಲ್ಲೈ ಬಚ್ಚಾ’, ಎಂದರೆ ಮರಿಚಳಿ. ಹಿಮ ಬೀಳಬೇಕಾದ ಕಾಲವೆಂದರೆ ಹಿರಿಯ ಚಳಿಯ ಈ ನಲವತ್ತು ದಿನಗಳು. ಆದರೆ ಆ ವರ್ಷ ಮೊದಲು ಬಿದ್ದ ತೆಳುವಾದ ಹಿಮದ ಬಳಿಕ ಆಕಾಶ ಬರಿದಾಗಿಯೇ ಉಳಿದಿತ್ತು. 2024ರ ಜನವರಿಯಲ್ಲಿಯೂ ಗುಲ್ಮಾರ್ಗವು ತಿಂಗಳ ಕೊನೆಯವರೆಗೆ ಬೋಳುಬಯಲಾಗಿ ನಿಂತು, ಹಿಮವನ್ನೇ ನಂಬಿ ಬದುಕುವ ಜನರನ್ನು ಕಂಗೆಡಿಸಿದ್ದುಂಟು. ಮಗಳು ಪ್ರತಿದಿನ ಬೆಳಗ್ಗೆ ಕಿಟಕಿಯ ಬಳಿ ನಿಂತು ಮೋಡಗಳನ್ನು ಹುಡುಕುತ್ತಿದ್ದಳು. ಕೊನೆಗೆ ಪಶ್ಚಿಮದಿಂದ ಮೋಡಗಳು ಬಂದವು, ಹಿಮವೂ ಬಂದಿತು. ಶನಿವಾರ ಬೆಳಗಾಗುತ್ತಲೇ ತಂದೆ ಮಗಳಿಬ್ಬರೂ ಟಂಗ್‌ಮಾರ್ಗದ ಏರುದಾರಿಯಲ್ಲಿದ್ದರು.

ಮೊದಲ ದಿನ ಅವರು ಕೆಳಗಿನ ಇಳಿಜಾರುಗಳಲ್ಲಿಯೇ ಉಳಿದರು. ಯಂತ್ರದಿಂದ ಒತ್ತಿ ಹದಮಾಡಿದ ಹಿಮದ ಮೇಲೆ ಮಗಳಿಗೆ ಚೆನ್ನಾಗಿ ಜಾರಲು ಬರುತ್ತಿತ್ತು. ಆದರೆ ಪುಡಿಹಿಮದ ನೀತಿಯೇ ಬೇರೆ. ಗಟ್ಟಿ ಹಿಮದಲ್ಲಿ ಹಲಗೆಯ ಅಂಚನ್ನು ಒತ್ತಿ ತಿರುಗಬೇಕು. ಪುಡಿಹಿಮದಲ್ಲಿ ಒಂದು ಕಾಲನ್ನು ಹಾಗೆ ಒತ್ತಿದರೆ ಆ ಕಾಲು ಹೂತುಹೋಗುತ್ತದೆ. ಮೊದಲ ಇಳಿತದಲ್ಲಿಯೇ ಮಗಳು ಸೊಂಟದವರೆಗೆ ಹೂತು ಬಿದ್ದಳು. ಪೆಟ್ಟೇನೂ ಆಗಲಿಲ್ಲ, ಆದರೆ ಏಳಲು ಕೈಯೂರಿದರೆ ಕೈಗೆ ನೆಲವೇ ಸಿಗದು! ತಂದೆ ನಗುತ್ತ ಬಂದು, ಎರಡು ಕೋಲುಗಳನ್ನೂ ಅಡ್ಡಡ್ಡವಾಗಿ ಹಿಮದ ಮೇಲಿಟ್ಟು, ಅವುಗಳ ಮೇಲೆ ಭಾರ ಹಾಕಿ ಏಳುವುದನ್ನು ತೋರಿಸಿಕೊಟ್ಟನು.

“ಎರಡು ಕಾಲುಗಳ ಮೇಲೂ ಸಮನಾಗಿ ನಿಲ್ಲು ಮಗಳೇ. ಹೆದರಿ ಹಿಂದಕ್ಕೆ ವಾಲಬೇಡ. ವೇಗಕ್ಕೆ ಅಂಜಿದರೆ ಮುಳುಗುತ್ತೀಯೆ, ಸ್ವಲ್ಪ ವೇಗ ಕೊಟ್ಟರೆ ಹಿಮವೇ ನಿನ್ನನ್ನು ಎತ್ತಿ ಹಿಡಿಯುತ್ತದೆ” ಎಂದನು.

ಮಧ್ಯಾಹ್ನದ ಹೊತ್ತಿಗೆ ಆ ಮಾತಿನ ಅರ್ಥ ಅವಳ ಕಾಲುಗಳಿಗೆ ತಿಳಿಯಿತು. ಮೊಣಕಾಲುಗಳು ತಾವಾಗಿಯೇ ಮಡಿಯುವುವು, ಚಾಚುವುವು. ದೇಹವು ತೊಟ್ಟಿಲಂತೆ ತೂಗುವುದು. ಹಿಂದೆ ಬೆಳ್ಳಿಯ ಹೊಗೆಯಂತೆ ಹಿಮದ ಧೂಳು ಏಳುವುದು. ಕೆಳಗಿಳಿದು ತಿರುಗಿ ನೋಡಿದರೆ, ಅಚ್ಚಳಿಯದ ಬಿಳುಪಿನ ಮೇಲೆ ಎರಡು ಗೆರೆಗಳು ಜಡೆಯಂತೆ ಹೆಣೆದುಕೊಂಡು ಬಂದಿದ್ದವು. ಒಂದು ತಂದೆಯದು, ಇನ್ನೊಂದು ಅವಳದು. ಸಂಜೆಯ ವೇಳೆಗೆ ಮಗಳು ಮುಂದಾಗಿ, ತಂದೆ ಏದುಸಿರು ಬಿಡುತ್ತ ಹಿಂದುಳಿದನು. ಕಲಿಸಿದವನಿಗೆ ಇದಕ್ಕಿಂತ ಮಿಗಿಲಾದ ಸಂತೋಷ ಬೇರೊಂದುಂಟೆ?

ರಾತ್ರಿ ಮತ್ತೆ ಹಿಮ ಸುರಿಯಿತು. ಫಿರನ್ ಎಂಬ ನಿಲುವಂಗಿಯೊಳಗೆ ಕೆಂಡದ ಕಾಂಗಡಿಯನ್ನಿಟ್ಟುಕೊಂಡು, ನಸುಗೆಂಪು ಬಣ್ಣದ ಉಪ್ಪುಚಹವನ್ನು ಗುಟುಕರಿಸುತ್ತ, ಮಗಳು ಮರುದಿನದ ಕನಸು ಕಾಣುತ್ತಿದ್ದಳು. ಅಫರ್ವತದ ನೆತ್ತಿಯಿಂದ ಹೊಸ ಹಿಮದಲ್ಲಿ ಇಳಿಯಬೇಕೆಂಬುದು ಎರಡು ವರ್ಷಗಳಿಂದ ಅವಳು ಸಾಕಿಕೊಂಡು ಬಂದ ಆಸೆ.

ಭಾನುವಾರದ ಬೆಳಗು ಬಲು ಸೊಗಸಾಗಿತ್ತು. ಎರಡು ಅಡಿ ಹೊಸ ಹಿಮ. ಮೇಲೆ ಕಲೆಯಿಲ್ಲದ ನೀಲಿ ಆಕಾಶ. ಆದರೆ ಗೊಂಡೋಲಾದ ಮೇಲಿನ ಹಂತ ಮುಚ್ಚಿತ್ತು. ಹಿಮಕುಸಿತದ ಅಪಾಯ ಹೆಚ್ಚಾಗಿದೆಯೆಂದು ಗಸ್ತುದಳದವರು ಫಲಕ ಹಾಕಿದ್ದರು. ತಂದೆ ಮಗಳು ಕೊಂಗ್‌ಡೂರಿಯವರೆಗೆ ಮಾತ್ರ ಹೋದರು. ಅಲ್ಲಿ ಐದಾರು ಮಂದಿ ಯುವಕರು ಹಲಗೆಗಳನ್ನು ಹೆಗಲ ಮೇಲೆ ಹೊತ್ತು, ಎಲ್ಲೆಯ ಹಗ್ಗವನ್ನು ದಾಟಿ, ಪಕ್ಕದ ಕಡಿದಾದ ಇಳಿಜಾರಿನ ಕಡೆಗೆ ನಡೆದಿದ್ದರು.

“ಬಾಬಾ, ನಾವೂ ಅವರ ಹಿಂದೆ ಹೋಗೋಣ. ಆಕಾಶ ಎಷ್ಟು ತಿಳಿಯಾಗಿದೆ, ನೋಡಿ! ಇಂಥ ದಿನ ಮತ್ತೆ ಯಾವಾಗ ಬರುತ್ತದೆ?” ಎಂದು ಮಗಳು ಅಂಗಲಾಚಿದಳು.

ತಂದೆ ಇಲ್ಲವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. “ಆಕಾಶವನ್ನು ನೋಡಿದೆ. ಈಗ ನೆಲವನ್ನು ನೋಡೋಣ ಬಾ” ಎಂದು, ಸುರಕ್ಷಿತವಾದ ಇಳುಕಲು ಜಾಗವೊಂದಕ್ಕೆ ಕರೆದೊಯ್ದು, ಬೆನ್ನಚೀಲದಿಂದ ಸಲಿಕೆ ತೆಗೆದು ಅವಳ ಕೈಗಿತ್ತನು. ಮಗಳು ನೆಲ ಕಾಣುವವರೆಗೆ ಹಿಮವನ್ನು ಅಗೆದಳು. ಗೋಡೆಯಂತೆ ನೇರವಾಗಿ ಕತ್ತರಿಸಿದ ಆ ಹಿಮದಲ್ಲಿ, ಪುಸ್ತಕದ ಹಾಳೆಗಳಂತೆ, ಇಡೀ ಚಳಿಗಾಲದ ಕಥೆ ಪದರಪದರವಾಗಿ ಕಾಣಿಸಿತು. ಮೇಲೆ ಹಗುರವಾದ ಪುಡಿ. ಅದರ ಕೆಳಗೆ ವಾರದ ಹಿಂದಿನ ಗಟ್ಟಿ ಹಿಮ. ತಳದಲ್ಲಿ ಸಕ್ಕರೆಯ ಹರಳುಗಳಂತಹ ದಪ್ಪ ಕಣಗಳು. ಕೈಯಲ್ಲಿ ಹಿಡಿದರೆ ಅವು ಒಂದಕ್ಕೊಂದು ಅಂಟದೆ ಜಾರಿಹೋಗುತ್ತಿದ್ದವು.

ಈ ಸಕ್ಕರೆಹಿಮವು ಹೇಗೆ ಹುಟ್ಟಿತು? ಚಳಿಗಾಲದ ಆರಂಭದಲ್ಲಿ ಬಿದ್ದ ತೆಳುಹಿಮದ ಕೆಳಗೆ ನೆಲ ಬೆಚ್ಚಗಿರುತ್ತದೆ. ಮೇಲಿನ ಗಾಳಿಯು ಕೊರೆಯುತ್ತಿರುತ್ತದೆ. ಈ ಎರಡರ ನಡುವೆ ನೀರಾವಿಯು ಕೆಳಗಿನಿಂದ ಮೇಲಕ್ಕೆ ಸಾಗುತ್ತ, ಹಿಮದ ಹರಳುಗಳ ಆಕಾರವನ್ನೇ ಬದಲಿಸಿ, ಅವುಗಳ ನಡುವಿನ ಹಿಡಿತವನ್ನು ಸಡಿಲಗೊಳಿಸುತ್ತದೆ. ಹಿಮ ಬೀಳದ ದೀರ್ಘ ದಿನಗಳಲ್ಲಿ ಈ ಕಾರ್ಯ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಮುಂದೆ ಅದರ ಮೇಲೆ ಹೇರಳವಾಗಿ ಹಿಮ ಬಿದ್ದಾಗ, ಗಟ್ಟಿಯಾದ ಮೇಲ್ಪದರವು ಸಡಿಲವಾದ ತಳದ ಮೇಲೆ ಕೂರುತ್ತದೆ. ಇಳಿಜಾರು 30ರಿಂದ 45 ಡಿಗ್ರಿಯಷ್ಟು ಕಡಿದಾಗಿದ್ದರೆ, ಒಬ್ಬ ಮನುಷ್ಯನ ಭಾರವೂ ಅದನ್ನು ಕೆಡವಲು ಸಾಕು.

ತಂದೆಯ ಸೂಚನೆಯಂತೆ ಮಗಳು ಒಂದು ಅಡಿ ಅಗಲದ ಹಿಮದ ಕಂಬವೊಂದನ್ನು ಸುತ್ತಲಿನಿಂದ ಬೇರ್ಪಡಿಸಿ, ಅದರ ಮೇಲೆ ಸಲಿಕೆಯನ್ನಿಟ್ಟು, ಮಣಿಕಟ್ಟಿನಿಂದ ಮೆಲ್ಲಗೆ ತಟ್ಟತೊಡಗಿದಳು. ಒಂದು, ಎರಡು, ಮೂರು... ಏಳನೆಯ ಏಟಿಗೆ ಕಂಬದ ಮೇಲ್ಭಾಗವು ಸಕ್ಕರೆಹಿಮದ ಮೇಲಿಂದ ಸರಕ್ಕನೆ ಜಾರಿ ಅವಳ ಮಡಿಲಿಗೆ ಬಿದ್ದಿತು. ಮೊಣಕೈಯಿಂದಾಗಲಿ ಭುಜದಿಂದಾಗಲಿ ಹೊಡೆಯಬೇಕಾಗಲೇ ಇಲ್ಲ. ಅವಳು ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು.

“ಈಗ ಹೇಳು. ಹೋಗೋಣವೆ?” ಎಂದನು ತಂದೆ.

ಅವಳ ಕಣ್ಣುಗಳು ಒಮ್ಮೆ ಆ ಬೆಳ್ಳನೆಯ ಇಳಿಜಾರಿನ ಕಡೆಗೆ ಹೋದವು. “ಬೇಡ ಬಾಬಾ” ಎಂದಳು. ಆ ಎರಡು ಮಾತುಗಳನ್ನು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂಬುದನ್ನು ತಂದೆ ಬಲ್ಲನು.

ಅವಳ ಅಂಜಿಕೆ ಕಾರಣವಿಲ್ಲದ ಅಂಜಿಕೆಯಲ್ಲ. 2010ರ ಫೆಬ್ರವರಿಯಲ್ಲಿ ಗುಲ್ಮಾರ್ಗದ ಮೇಲಣ ಖಿಲನ್‌ಮಾರ್ಗದಲ್ಲಿ ಹಿಮಕುಸಿತಕ್ಕೆ ಸಿಕ್ಕಿ, ತರಬೇತಿಯಲ್ಲಿದ್ದ 17 ಮಂದಿ ಯೋಧರು ಮಡಿದರು. 2023ರ ಫೆಬ್ರವರಿ 1ರಂದು ಅಫರ್ವತದ ಇಳಿಜಾರಿನಲ್ಲಿ ಪೋಲೆಂಡ್ ದೇಶದ ಇಬ್ಬರೂ, 2024ರ ಫೆಬ್ರವರಿ 22ರಂದು ರಷ್ಯಾದ ಒಬ್ಬರೂ ಪ್ರಾಣ ಕಳೆದುಕೊಂಡರು. ಹಿಮದಡಿಯಲ್ಲಿ ಹೂತುಹೋದವರನ್ನು ಮೊದಲ ಹತ್ತು ಹದಿನೈದು ನಿಮಿಷಗಳೊಳಗೆ ಹೊರತೆಗೆಯದಿದ್ದರೆ ಬದುಕುವ ಸಂಭವವು ಬೇಗಬೇಗನೆ ಕುಗ್ಗುತ್ತದೆ. ಆದುದರಿಂದಲೇ ಎಲ್ಲೆಯನ್ನು ಮೀರಿ ಪುಡಿಹಿಮಕ್ಕೆ ಇಳಿಯುವವರು, ಹೂತವರನ್ನು ಪತ್ತೆಮಾಡುವ ಪುಟ್ಟ ರೇಡಿಯೋ ಯಂತ್ರವನ್ನೂ ಉದ್ದವಾದ ಶೋಧನಾದಂಡವನ್ನೂ ಸಲಿಕೆಯನ್ನೂ ಜೊತೆಗೊಯ್ಯುತ್ತಾರೆ. ಆದರೆ ಈ ಮೂರು ಸಲಕರಣೆಗಳು ಅಪಾಯವಾದ ಮೇಲೆ ನೆರವಾಗುವಂಥವು. ಅಪಾಯವನ್ನು ತಡೆಯುವುದು ವಿವೇಕವೊಂದೇ.

ದಿನವೇನೂ ವ್ಯರ್ಥವಾಗಲಿಲ್ಲ. ತಂದೆ ಅವಳನ್ನು ಗುಲ್ಮಾರ್ಗದ ಅಂಚಿನಿಂದ ಬಾಬಾ ರೇಶಿಯ ಕಡೆಗಿಳಿಯುವ ಕಾಡಿಗೆ ಕರೆದೊಯ್ದನು. 15ನೆಯ ಶತಮಾನದ ಸೂಫಿ ಸಂತನೊಬ್ಬನ ದರ್ಗಾ ಇರುವ ಊರು ಅದು. ದಟ್ಟವಾಗಿ ನಿಂತ ಮರಗಳ ನಡುವೆ ಗಾಳಿಗೆ ಸಿಕ್ಕದ ಪುಡಿಹಿಮ ಹಾಗೆಯೇ ಉಳಿದಿತ್ತು. ಮರದ ಬುಡದಲ್ಲಿ ಕೊಂಬೆಗಳ ಮರೆಯಲ್ಲಿ ಆಳವಾದ ಪೊಳ್ಳುಗಳಿರುತ್ತವೆ. ಅವುಗಳಿಗೆ ತಲೆಕೆಳಗಾಗಿ ಬಿದ್ದರೆ ಹೊರಬರುವುದು ಕಠಿನ. ಆದಕಾರಣ ಬುಡಗಳಿಂದ ದೂರವಿದ್ದು, ಒಬ್ಬರನ್ನೊಬ್ಬರು ಕಣ್ಣಳತೆಯಲ್ಲಿಟ್ಟುಕೊಂಡು, ಕೂಗಿಗೆ ಕೂಗು ಕೊಡುತ್ತ ಇಳಿದರು. ಕೊಂಬೆಯಿಂದ ಹಿಮವು ಜಲ್ಲನೆ ಸುರಿದು ತಂದೆಯ ತಲೆ ಬೆಳ್ಳಗಾದಾಗ, “ಬಾಬಾ, ಒಂದೇ ಗಳಿಗೆಯಲ್ಲಿ ಮುದುಕರಾದಿರಿ!” ಎಂದು ಮಗಳು ಬಿದ್ದು ಬಿದ್ದು ನಕ್ಕಳು. ಆ ನಗೆಯು ಮೌನವಾಗಿದ್ದ ಕಾಡಿನಲ್ಲಿ ಗಂಟೆಯಂತೆ ಕೇಳಿಸಿತು. ಕೆಳಗಿಳಿದು, ಬಾಡಿಗೆ ವಾಹನದಲ್ಲಿ ಮೇಲೇರಿ, ಮತ್ತೊಮ್ಮೆ ಇಳಿದರು.

ಸಂಜೆ ಊರಿಗೆ ಹೊರಡುವಾಗ ಬೆಳಗಿನ ಆ ಯುವಕರು ಎದುರಾದರು. ಅವರಿಗೆ ಏನೂ ಆಗಿರಲಿಲ್ಲ; ಮುಖಗಳು ಸಂತೋಷದಿಂದ ಅರಳಿದ್ದವು. ಮಗಳ ಮುಖ ಬಾಡಿತು. ವಾಹನದಲ್ಲಿ ಕುಳಿತ ಮೇಲೆ ಮೆಲ್ಲಗೆ ಕೇಳಿದಳು: “ಹಾಗಾದರೆ ನಾವು ಸುಮ್ಮನೆ ಹೆದರಿದೆವೆ, ಬಾಬಾ?”

ತಂದೆ ಸ್ವಲ್ಪ ಹೊತ್ತು ಯೋಚಿಸಿ ಉತ್ತರಿಸಿದನು: “ಅವರು ಕ್ಷೇಮವಾಗಿ ಬಂದದ್ದು ಒಳ್ಳೆಯದೇ ಆಯಿತು. ಆದರೆ ಹಿಮ ಇಂದು ಕುಸಿಯಲಿಲ್ಲ ಎಂದ ಮಾತ್ರಕ್ಕೆ ಅದು ಗಟ್ಟಿಯಾಗಿತ್ತು ಎಂದು ಅರ್ಥವೆ? ನೀನು ಕೈಯಿಂದ ತಟ್ಟಿ ನೋಡಿದ್ದೀಯೆ. ನಮಗೆ ತಿಳಿದಿದ್ದನ್ನು ಆಧರಿಸಿ ನಾವು ನಡೆದೆವು. ಅಫರ್ವತ ಎಲ್ಲಿಗೂ ಹೋಗುವುದಿಲ್ಲ. ನೀನು ಅಲ್ಲಿಂದ ಇಳಿಯುವ ದಿನ ಬಂದೇ ಬರುತ್ತದೆ. ಆ ದಿನ ನಾನು ಜೊತೆಯಲ್ಲಿ ಇರುತ್ತೇನೋ ಇಲ್ಲವೋ, ಸಲಿಕೆ ಮಾತ್ರ ನಿನ್ನ ಚೀಲದಲ್ಲಿರಲಿ.”

ತಂದೆಯ ಈ ಉತ್ತರವು ಮನನ ಮಾಡತಕ್ಕದ್ದು. ಫಲ ಒಳ್ಳೆಯದಾದರೆ ನಿರ್ಧಾರವೂ ಒಳ್ಳೆಯದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಅಪಾಯದ ಹಾದಿಯಲ್ಲಿ ನಡೆದವರೆಲ್ಲರೂ ಕೆಡುವುದಿಲ್ಲ. ಅನೇಕರು ಅದೃಷ್ಟದಿಂದ ಪಾರಾಗುತ್ತಾರೆ. ಹಾಗೆ ಪಾರಾದುದನ್ನೇ ಜಾಣತನವೆಂದು ಬಗೆದವರು ಮತ್ತೆ ಮತ್ತೆ ಅದೇ ಹಾದಿಯನ್ನು ತುಳಿಯುತ್ತಾರೆ. ತಿಳಿದು ಹಿಂದಿರುಗುವುದು ಹೇಡಿತನವಲ್ಲ. ಮಕ್ಕಳಿಗೆ ಬೇಡವೆಂದು ಆಜ್ಞಾಪಿಸುವುದು ಸುಲಭ. ಬೇಡವೆಂಬ ತೀರ್ಮಾನಕ್ಕೆ ಅವರು ತಾವೇ ಬರುವಂತೆ ಕಣ್ಣು ತೆರೆಸುವುದು ಕಠಿನ. ಆ ತಂದೆ ಮಗಳಿಗೆ ಎರಡು ವಿದ್ಯೆಗಳನ್ನು ಕಲಿಸಿದನು: ಶನಿವಾರದಂದು ಹಿಮವನ್ನು ನಂಬಿ ತೇಲುವ ವಿದ್ಯೆ, ಭಾನುವಾರದಂದು ಹಿಮವನ್ನು ಪರೀಕ್ಷಿಸಿ ಹಿಂದಿರುಗುವ ವಿದ್ಯೆ. ಮೊದಲನೆಯದು ಆನಂದವನ್ನು ಕೊಡುತ್ತದೆ. ಎರಡನೆಯದು ಆ ಆನಂದವನ್ನು ಬಹುಕಾಲ ಉಳಿಸಿಕೊಡುತ್ತದೆ.

ಪದಗಳ ಅರ್ಥ

ತೆರಪು – ಬಿಡುವು, ಖಾಲಿ ಜಾಗ
ಕಾಂಗಡಿ – ಬೆತ್ತದ ಬುಟ್ಟಿಯಲ್ಲಿಟ್ಟ ಕೆಂಡದ ಮಡಕೆ
ಅಂಗಲಾಚು – ದೈನ್ಯದಿಂದ ಬೇಡು
ಹಿಮಕುಸಿತ – ಇಳಿಜಾರಿನಿಂದ ಹಿಮದ ರಾಶಿ ಒಮ್ಮೆಲೇ ಜಾರಿ ಬೀಳುವುದು
ಪೊಳ್ಳು – ಒಳಗೆ ಟೊಳ್ಳಾದ ಜಾಗ
ಮನನ – ಮತ್ತೆ ಮತ್ತೆ ಯೋಚಿಸುವುದು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗುಲ್ಮಾರ್ಗ ಎಂಬ ಹೆಸರಿನ ಅರ್ಥವೇನು?
2. ಹೊಸ ಹಿಮ ಬಿದ್ದಾಗ ಕಾಡು ನಿಶ್ಶಬ್ದವಾಗಿರಲು ಕಾರಣವೇನು?
3. ‘ಚಿಲ್ಲೈ ಕಲಾನ್’ ಎಂದರೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಗಟ್ಟಿ ಹಿಮದಲ್ಲಿ ಜಾರುವುದಕ್ಕೂ ಪುಡಿಹಿಮದಲ್ಲಿ ಜಾರುವುದಕ್ಕೂ ಇರುವ ವ್ಯತ್ಯಾಸವೇನು?
2. ಸಕ್ಕರೆಹಿಮವು ಹೇಗೆ ಉಂಟಾಗುತ್ತದೆ? ಅದರಿಂದ ಆಗುವ ಅಪಾಯವೇನು?
3. ಯುವಕರು ಕ್ಷೇಮವಾಗಿ ಹಿಂದಿರುಗಿದರೂ ತಂದೆಯು ತಮ್ಮ ನಿರ್ಧಾರವನ್ನು ಹೇಗೆ ಸಮರ್ಥಿಸಿದನು? ನಿಮ್ಮ ಅಭಿಪ್ರಾಯವನ್ನೂ ಬರೆಯಿರಿ.

ಇ) ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. “ಆಕಾಶವನ್ನು ನೋಡಿದೆ. ಈಗ ನೆಲವನ್ನು ನೋಡೋಣ ಬಾ.”
2. “ಸಲಿಕೆ ಮಾತ್ರ ನಿನ್ನ ಚೀಲದಲ್ಲಿರಲಿ.”

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಸ್ವಾತಂತ್ರ್ಯಾನಂತರ, ಅತ್ಯುನ್ನತ, ಕಣ್ಣಳತೆ, ಇಲ್ಲವೆನ್ನಲಿಲ್ಲ